ಗೋಡೆ ಒಡೆಯುವ ಮೊದಲು ಮಾದರಿ, ಮಾದರಿ ನಂಬುವ ಮೊದಲು ಟೇಪು

ನಮ್ಮ ಕಡೆ ಗೌಂಡಿ ನೆಲದ ಮೇಲೆ ಸುಣ್ಣದ ಗೆರೆ ಹಾಕಿದ ಮೇಲೆಯೇ ಮನೆಯವರಿಗೆ ಕೋಣೆ ಎಷ್ಟು ದೊಡ್ಡದೆಂದು ಗೊತ್ತಾಗುವುದು. ಈಗ ಅದಕ್ಕೂ ಮೊದಲೇ ಕಂಪ್ಯೂಟರಿನಲ್ಲಿ ಮನೆಯನ್ನು ಕಟ್ಟಿ ನೋಡಬಹುದು. ಅದಕ್ಕೆ ನಾನು ಬಳಸುವುದು ಸ್ವೀಟ್ ಹೋಮ್ ತ್ರೀಡಿ ಎಂಬ ಸಾಫ್ಟ್‌ವೇರ್. ಫ್ರಾನ್ಸಿನ ಎಮ್ಯಾನ್ಯುಯೆಲ್ ಪ್ವಿಬಾರೆ ಎಂಬುವರು ಇದನ್ನು ರೂಪಿಸಿದರು. ಹಣ ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮೇಲಿನ ಭಾಗದಲ್ಲಿ ನಕ್ಷೆ ಬರೆದರೆ ಕೆಳಗಿನ ಭಾಗದಲ್ಲಿ ಮನೆ ಎದ್ದು ನಿಲ್ಲುತ್ತದೆ.

ಆದರೆ ಎದ್ದು ನಿಂತ ಮನೆಯೆಲ್ಲ ಸರಿಯಾದ ಮನೆಯಲ್ಲ. ಕಾಮರ್ಸ್ ಓದುವ ನಮಗೆ ಇದು ಬೇಗ ಅರ್ಥವಾಗುವ ಮಾತು. ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಹೊಂದಿದರೂ ಒಳಗೆ ತಪ್ಪು ಅಡಗಿರಬಹುದು ಎಂದು ನಮಗೆ ಕಲಿಸಿದ್ದಾರೆ. ಬಿಟ್ಟುಹೋದ ಎಂಟ್ರಿ ಅಲ್ಲಿ ಕಾಣುವುದಿಲ್ಲ. ಮನೆಯ ಮಾದರಿಯೂ ಹಾಗೆಯೇ. ಬಣ್ಣ, ಬಾಗಿಲು, ಸೋಫಾ ಎಲ್ಲ ಚೆಂದ ಕಂಡರೂ ಅಳತೆ ತಪ್ಪಿರಬಹುದು. ಅದನ್ನು ಹಿಡಿಯುವುದು ಹೇಗೆ ಎಂದು ನಮ್ಮ ಬಂಧುಗಳ ಎರಡು ಮನೆಗಳ ಲೆಕ್ಕದಿಂದ ಹೇಳುತ್ತೇನೆ.

ಮೊದಲನೆಯದು ಮಾನ್ವಿಯಲ್ಲಿರುವ ನಾನಿಯ ಹಳೆಯ ಮನೆ. ಕಲ್ಲು ಮಣ್ಣಿನ ಗೋಡೆ, 2 ಅಡಿ ದಪ್ಪ. ನಾನಿ ಈಗ ನಡೆಯಲಾರರು, ಗಾಲಿ ಕುರ್ಚಿ ಬಂದಿದೆ. ಕುರ್ಚಿ ಪೂರ್ತಿ ಸುತ್ತು ತಿರುಗಲು ಸುಮಾರು 5 ಅಡಿ ಜಾಗ ಬೇಕು. ಬಚ್ಚಲಿಗೆ ಹೋಗುವ ದಾರಿಯ ಅಗಲ ಮಾದರಿಯಲ್ಲಿ 4 ಅಡಿ ಬಂತು. ಹಾಗಾದರೆ ಒಂದು ಗೋಡೆ ಕೆಡವಲೇಬೇಕು ಎಂಬ ಮಾತು ಮನೆಯಲ್ಲಿ ಶುರುವಾಯಿತು. ಮಾಮೂ ಟೇಪು ಹಿಡಿದು ಅಳೆದಾಗ ಅದೇ ದಾರಿ 6 ಅಡಿ ಇತ್ತು.

2 ಅಡಿ ಎಲ್ಲಿಗೆ ಹೋಯಿತು? ಗೋಡೆಯೊಳಗೆ. ನಾವು ಮನೆ ಅಳೆಯುವುದು ಒಳಗಿನಿಂದ, ಈ ಗೋಡೆಯ ಮುಖದಿಂದ ಆ ಗೋಡೆಯ ಮುಖಕ್ಕೆ. ಸ್ವೀಟ್ ಹೋಮ್ ತ್ರೀಡಿಯಲ್ಲಿ ನಾವು ಎಳೆಯುವ ಗೆರೆ ಗೋಡೆಯ ನಟ್ಟನಡುವಿನ ಗೆರೆ. ಗೋಡೆಯ ದಪ್ಪ ಆ ಗೆರೆಯ ಎರಡೂ ಬದಿಗೆ ಅರ್ಧರ್ಧ ಹಂಚಿಕೊಳ್ಳುತ್ತದೆ. 6 ಅಡಿ ದೂರದಲ್ಲಿ ಎರಡು ಗೆರೆ ಎಳೆದು ಗೋಡೆಗೆ 2 ಅಡಿ ದಪ್ಪ ಕೊಟ್ಟರೆ, ಎರಡೂ ಕಡೆಯಿಂದ ಒಂದೊಂದು ಅಡಿ ಒಳಗೆ ಬರುತ್ತದೆ. ಉಳಿಯುವುದು 4 ಅಡಿ. ಪರಿಹಾರ ಸುಲಭ: ಒಳ ಅಳತೆಗೆ ಒಂದು ಗೋಡೆಯ ದಪ್ಪ ಕೂಡಿಸಿ ಗೆರೆ ಎಳೆಯಬೇಕು. 6 ಕೂಡಿಸು 2, ಅಂದರೆ 8 ಅಡಿ. 9 ಇಂಚಿನ ಇಟ್ಟಿಗೆ ಗೋಡೆಯಾದರೆ 9 ಇಂಚು ಕೂಡಿಸಿದರೆ ಸಾಕು.

ಇನ್ನೊಂದು ಎಚ್ಚರ. ಈ ಸಾಫ್ಟ್‌ವೇರ್ ಹೊಸ ಗೋಡೆಗೆ ತಾನಾಗಿಯೇ ಕೊಡುವ ದಪ್ಪ 7.5 ಸೆಂಟಿಮೀಟರ್, ಅಂದರೆ ಸುಮಾರು 3 ಇಂಚು. ನಮ್ಮ ಊರಿನ ಯಾವ ಹೊರಗೋಡೆಯೂ ಅಷ್ಟು ತೆಳ್ಳಗಿಲ್ಲ. ಆದ್ದರಿಂದ ಮೊದಲ ಗೆರೆ ಎಳೆಯುವ ಮೊದಲೇ ಸೆಟ್ಟಿಂಗ್‌ಗೆ ಹೋಗಿ ದಪ್ಪ ಬದಲಿಸಿಕೊಳ್ಳಿ. ಅಡಿ-ಇಂಚು ಆಯ್ಕೆಯೂ ಅಲ್ಲೇ ಇದೆ.

ಲೆಕ್ಕ ಸರಿಹೋದ ಮೇಲೆ ಮಾನ್ವಿಯ ಮನೆಯಲ್ಲಿ ಗೋಡೆ ಉಳಿಯಿತು. ಬದಲಾಗಬೇಕಾದದ್ದು 2 ಅಡಿ 3 ಇಂಚಿನ ಬಚ್ಚಲ ಬಾಗಿಲು ಮಾತ್ರ. ಗಾಲಿ ಕುರ್ಚಿ ಸಲೀಸಾಗಿ ಹೋಗಲು ಸುಮಾರು 3 ಅಡಿ ಬೇಕು. ಅದನ್ನು ಅಗಲ ಮಾಡುವುದಕ್ಕೂ ಎಂಜಿನಿಯರನ್ನು ಕೇಳಲೇಬೇಕು. ಯಾವ ತೊಲೆಯ ಭಾರ ಯಾವ ಗೋಡೆಯ ಮೇಲಿದೆ ಎಂದು ಈ ಮಾದರಿಗೆ ಗೊತ್ತಿಲ್ಲ.

ಹಳೆಯ ಮನೆಗಳಲ್ಲಿ ಬರುವ ಎರಡನೆಯ ತೊಂದರೆ ಮೂಲೆಯದು. ಕೋಣೆ ರಚಿಸುವ ಉಪಕರಣ ಹಿಡಿದು ನಾಲ್ಕು ಗೋಡೆಗಳ ನಡುವೆ ಡಬಲ್ ಕ್ಲಿಕ್ ಮಾಡಿದರೆ ನೆಲ ಮೂಡಬೇಕು. ಮೂಡದಿದ್ದರೆ ಎಲ್ಲೋ ಒಂದು ಮೂಲೆ ಕೂಡಿಲ್ಲ ಎಂದರ್ಥ. ಆಗ ಗೋಡೆಯ ತುದಿಯನ್ನು ಎಳೆದು ಹೇಗೋ ಕೂಡಿಸಬೇಡಿ, ಕಾರಣ ಹುಡುಕಿ. ಕೋಣೆಯ ಕರ್ಣ ಅಳೆಯಿರಿ. 12 ಅಡಿ ಅಗಲ, 16 ಅಡಿ ಉದ್ದದ ಕೋಣೆಯ ಕರ್ಣ 20 ಅಡಿ ಇರಬೇಕು. ಗೌಂಡಿಗಳು ಗುನಿಯಾ ಇಟ್ಟು ನೋಡುವುದೂ, ನಾವು ಹೈಸ್ಕೂಲಿನಲ್ಲಿ ಕಲಿತ 3-4-5ರ ಪೈಥಾಗೊರಸ್ ಲೆಕ್ಕವೂ ಒಂದೇ ಕೆಲಸಕ್ಕೆ. ಕರ್ಣ 20 ಅಡಿ 4 ಇಂಚು ಬಂದರೆ ಕೋಣೆಯೇ ಸೊಟ್ಟಗಿದೆ. ಸಾಫ್ಟ್‌ವೇರ್ ಗೋಡೆಯನ್ನು 15 ಡಿಗ್ರಿಯ ಲೆಕ್ಕದಲ್ಲಿ ಎಳೆದು ನೇರ ಮಾಡುತ್ತದೆ. ಆಲ್ಟ್ ಕೀಲಿ ಒತ್ತಿ ಹಿಡಿದರೆ ಆ ಸೆಳೆತ ಬಿಡುತ್ತದೆ, ಸೊಟ್ಟ ಗೋಡೆ ಸೊಟ್ಟವಾಗಿಯೇ ಬರುತ್ತದೆ.

ಎರಡನೆಯ ಮನೆ ದೇವದುರ್ಗದಲ್ಲಿ ಚಾಚಾ ಕಟ್ಟಿಸಬೇಕೆಂದಿರುವ ಹೊಸ ಮನೆ. ಇಲ್ಲಿ ಪ್ರಶ್ನೆ ಮೆಟ್ಟಿಲಿನದು. ಮೆಟ್ಟಿಲಿಗೆ ಬಿಟ್ಟ ಜಾಗದ ಉದ್ದ 10 ಅಡಿ. ಸಾಫ್ಟ್‌ವೇರಿನಲ್ಲಿ ಸಿದ್ಧ ಮೆಟ್ಟಿಲನ್ನು ಎಳೆದು ತಂದು 10 ಅಡಿಗೆ ಕುಗ್ಗಿಸಿದರೆ ಅದು ಏನೂ ತಕರಾರು ಮಾಡದೆ ಕುಗ್ಗುತ್ತದೆ. ಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಮಹಡಿಯ ಎತ್ತರ 10 ಅಡಿ, ಅಂದರೆ 120 ಇಂಚು. ಒಂದೊಂದು ಏರು 6 ಇಂಚು ಎಂದರೆ 20 ಏರು, ನಡುವೆ ಕಾಲಿಡಲು 19 ಮೆಟ್ಟಿಲು. 120 ಇಂಚು ಉದ್ದವನ್ನು 19ರಿಂದ ಭಾಗಿಸಿದರೆ ಒಂದು ಮೆಟ್ಟಿಲಿಗೆ 6 ಇಂಚಿಗಿಂತ ಸ್ವಲ್ಪ ಹೆಚ್ಚು. ಅದರ ಮೇಲೆ ದೊಡ್ಡವರ ಪಾದ ಪೂರ್ತಿ ಕೂರುವುದಿಲ್ಲ. 10 ಇಂಚಿನ ಮೆಟ್ಟಿಲು ಬೇಕೆಂದರೆ 190 ಇಂಚು, ಅಂದರೆ 15 ಅಡಿ 10 ಇಂಚು ಉದ್ದ ಬೇಕು. ಜಾಗ ಇಲ್ಲದಿದ್ದರೆ ನಡುವೆ ತಿರುವು ಕೊಟ್ಟ ಮೆಟ್ಟಿಲೇ ದಾರಿ. ಅದಕ್ಕೆ ಅಗಲ ಹೆಚ್ಚು ಬೇಕು, ಪಕ್ಕದ ಕೋಣೆ ಚಿಕ್ಕದಾಗುತ್ತದೆ. ಸ್ಲ್ಯಾಬ್ ಹಾಕಿದ ಮೇಲೆ ಇದು ತಿಳಿದರೆ ಖರ್ಚು ಎರಡು ಪಟ್ಟು. ಈಗ ತಿಳಿದರೆ ಒಂದು ಹಾಳೆ ಕಾಗದ.

ನಮ್ಮ ರಾಯಚೂರಿನವರಿಗೆ ಬಿಸಿಲಿನ ಮಾತನ್ನೂ ಹೇಳಬೇಕು. ನಕ್ಷೆಯ ಮೇಲೆ ಒಂದು ದಿಕ್ಸೂಚಿ ಇರುತ್ತದೆ. ಅದನ್ನು ನಿಮ್ಮ ಮನೆಯ ಉತ್ತರಕ್ಕೆ ತಿರುಗಿಸಿ. ಊರಿನ ಸ್ಥಾನವಾಗಿ ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶ, 77.4 ಡಿಗ್ರಿ ಪೂರ್ವ ರೇಖಾಂಶ ಕೊಡಿ. ಆಮೇಲೆ ಮೇ ತಿಂಗಳ ಸಂಜೆ 4 ಗಂಟೆಗೆ ಫೋಟೋ ತೆಗೆಸಿದರೆ ಪಡುವಣ ಕಿಟಕಿಯಿಂದ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ಕಾಣುತ್ತದೆ. ದಿಕ್ಕು ಸರಿಯಿಲ್ಲದಿದ್ದರೆ ಈ ಫೋಟೋಗೆ ಬೆಲೆಯಿಲ್ಲ. ನಿಮ್ಮ ಅಂಗಳದ ನೆರಳಿನ ಜೊತೆ ಹೋಲಿಸಿಯೇ ನಂಬಿ.

ಕೊನೆಗೆ, ತಪ್ಪು ಹುಡುಕುವ ಕ್ರಮ ಇದು. ಮೊದಲು ಅಳತೆಯ ಮಾನ: ಅಡಿಯೋ, ಸೆಂಟಿಮೀಟರೋ. ಎರಡು, ಗೋಡೆಯ ದಪ್ಪ. ಮೂರು, ಪ್ರತಿ ಕೋಣೆಯ ಒಳ ಅಳತೆ. ನಾಲ್ಕು, ಕರ್ಣ. ಐದು, ಬಾಗಿಲು ಮತ್ತು ಮೆಟ್ಟಿಲು. ಬಣ್ಣ, ಪರದೆ, ಸೋಫಾ ಎಲ್ಲಕ್ಕಿಂತ ಕೊನೆಗೆ. ಆಡಿಟ್ ಮಾಡುವವರು ಲೆಡ್ಜರನ್ನು ವೋಚರಿಗೆ ಹೋಲಿಸಿ ನೋಡುತ್ತಾರೆ. ಮನೆಯ ಮಾದರಿಗೆ ವೋಚರ್ ಎಂದರೆ ಟೇಪು.