ಹೂವಿಗಿಂತ ಮೊದಲು ನೀರು

ಉದ್ಯಾನ ಶೈಲಿಗಳ ಪಟ್ಟಿ ದೊಡ್ಡದೇನಲ್ಲ. ಪಾತಿ, ಕಾಲುದಾರಿ, ಕಾರಂಜಿಗಳನ್ನು ಅಳತೆ ಹಿಡಿದು ಗೆರೆ ಎಳೆದಂತೆ ಜೋಡಿಸಿದರೆ ಅದು ರೇಖಾಬದ್ಧ ಶೈಲಿ. ಫ್ರಾನ್ಸಿನ ವರ್ಸೇಲ್ಸ್ ಅದರ ಪರಮಾವಧಿ. ಗುಡ್ಡ, ಕೆರೆ, ಮರಗಳ ಗುಂಪು ಮೊದಲಿನಿಂದ ಅಲ್ಲೇ ಇದ್ದವೇನೋ ಎನ್ನಿಸುವಂತೆ ಮಾಡಿದರೆ ಇಂಗ್ಲಿಷ್ ಶೈಲಿ. ಹದಿನೆಂಟನೆಯ ಶತಮಾನದಲ್ಲಿ ಈ ‘ಸಹಜ’ ನೋಟಕ್ಕಾಗಿ ಜಮೀನ್ದಾರರು ಕಣ್ಣಿಗೆ ಅಡ್ಡ ಬಂದ ಹಳ್ಳಿಯನ್ನೇ ಎಬ್ಬಿಸಿ ಬೇರೆಡೆ ಕೂರಿಸಿದ್ದೂ ಉಂಟು. ಕ್ಯೋಟೊದ ರ್‍ಯೋಆಂಜಿಯಲ್ಲಿ ಬಿಳಿ ಜಲ್ಲಿಯ ಮೇಲೆ ಹದಿನೈದು ಕಲ್ಲುಗಳಿವೆ, ಹನಿ ನೀರಿಲ್ಲ, ಅದೂ ಉದ್ಯಾನವೇ. ಇರಾನಿನದು ಚಾರ್‌ಬಾಗ್: ನಡುವೆ ನೀರು, ಅದರಿಂದ ಹೊರಟ ಕಾಲುವೆ ಮತ್ತು ದಾರಿಗಳಿಂದ ನಾಲ್ಕು ಭಾಗವಾದ ಚೌಕ.

ಬೀದರದಲ್ಲಿ ನಾವು ನೋಡಬೇಕಾದದ್ದು ಈ ಕೊನೆಯದು. ಇಲ್ಲೇ ನೋಡುವವರ ಮೊದಲ ಎಡವು ಕೂಡ. ಬಹಮನಿಗಳ ಬಳಿಕ ಬೀದರವನ್ನಾಳಿದ ಅಲಿ ಬರೀದನ ಗೋರಿಯ ಸುತ್ತಲಿನ ಚೌಕದ ತೋಟವನ್ನು ತೋರಿಸಿದರೆ “ಇದು ಮೊಘಲ್ ಗಾರ್ಡನ್ ಅಲ್ರೀ?” ಎಂದೇ ಕೇಳುತ್ತಾರೆ. ಅಲ್ಲ. ಬಾಬರ್ ದಿಲ್ಲಿ ಗೆದ್ದದ್ದು 1526ರಲ್ಲಿ. ಅದಕ್ಕೂ ಸುಮಾರು ನೂರು ವರ್ಷ ಮೊದಲೇ ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿಯಿಂದ ಬೀದರಕ್ಕೆ ರಾಜಧಾನಿ ತಂದಾಗಿತ್ತು, ಇರಾನಿನಿಂದ ಸೂಫಿಗಳು, ವಿದ್ವಾಂಸರು, ಕುಶಲಕರ್ಮಿಗಳು ಇಲ್ಲಿಗೆ ಬರತೊಡಗಿದ್ದರು. ಚೌಕದ ತೋಟಕ್ಕೆ ದಖ್ಖನಿಗೆ ಬರಲು ಮೊಘಲರ ಹಂಗು ಬೇಕಿರಲಿಲ್ಲ. ಅಲಿ ಬರೀದನ ಗೋರಿ ಮುಗಿದದ್ದು 1577ರ ಸುಮಾರಿಗೆ. ಅದರ ನಾಲ್ಕೂ ಬದಿಗೆ ಎತ್ತರದ ಕಮಾನುಗಳು ತೆರೆದುಕೊಂಡಿವೆ, ಬಾಗಿಲೇ ಇಲ್ಲ. ಒಳಗೆ ಕರಿಕಲ್ಲಿನ ಸಮಾಧಿಯ ಪಕ್ಕ ನಿಂತರೆ ಯಾವ ಕಡೆ ತಿರುಗಿದರೂ ತೋಟ ಕಾಣಬೇಕು, ಗಾಳಿ ಆಡಬೇಕು ಎಂಬುದು ಕಟ್ಟಿದವನ ಲೆಕ್ಕ. ಗೋಡೆಯ ಮೇಲಿನ ಬಣ್ಣದ ಹೆಂಚುಗಳನ್ನು ನೋಡಿ ಹೊರಟುಬಿಡುವವರು ಈ ಲೆಕ್ಕವನ್ನು ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು: ಇಂಥ ಸ್ಮಾರಕಗಳ ಸುತ್ತ ಇಂದು ಕಾಣುವ ಹುಲ್ಲುಹಾಸು ಇಂಗ್ಲಿಷರ ಅಭಿರುಚಿ. ಇರಾನಿ ಪದ್ಧತಿಯಲ್ಲಿ ಪಾತಿ ದಾರಿಗಿಂತ ತಗ್ಗಿನಲ್ಲಿರುತ್ತದೆ. ನೀರು ಬಿಟ್ಟರೆ ತುಂಬಿ ನಿಂತು ಬೇರಿಗೆ ಇಳಿಯುತ್ತದೆ, ಅತ್ತಿತ್ತ ಹರಿದು ಹಾಳಾಗುವುದಿಲ್ಲ. ಮೇಲಿನ ದಾರಿಯಲ್ಲಿ ನಡೆಯುವವನ ಕೈಗೆ ಹಣ್ಣಿನ ಕೊಂಬೆ ಸಿಗುತ್ತದೆ.

ಹಾಗಾದರೆ ಎತ್ತರದ ಬಯಲಾದ ಬೀದರದಲ್ಲಿ ತೋಟಕ್ಕೆ, ಊರಿಗೆ, ಕೋಟೆಗೆ ನೀರೆಲ್ಲಿಂದ ಬಂತು? ಈ ವಿಷಯಕ್ಕೆ ಬಂದರೆ ನನಗೆ ಬೇಗ ಮುಗಿಸಲು ಮನಸ್ಸಾಗುವುದಿಲ್ಲ.

ಊರು ಕೂತಿರುವುದು ಜಂಬಿಟ್ಟಿಗೆಯ ಹಾಸಿನ ಮೇಲೆ. ಈ ಕೆಂಪು ಕಲ್ಲನ್ನು ಒಡೆದು ನೋಡಿದರೆ ಜೇನುಹುಟ್ಟಿನ ಹಾಗೆ ತೂತುತೂತು. ಬಿದ್ದ ಮಳೆ ಸರಾಗವಾಗಿ ಕೆಳಗಿಳಿಯುತ್ತದೆ. ಇಳಿಯುತ್ತ ಹೋಗಿ ಅದು ಜೇಡಿಮಣ್ಣಿನ ಪದರವನ್ನೂ ಅದರಡಿಯ ಗಟ್ಟಿ ಕರಿಕಲ್ಲನ್ನೂ ಮುಟ್ಟುತ್ತದೆ. ಅಲ್ಲಿಂದ ಮುಂದೆ ಇಳಿಯಲು ದಾರಿಯಿಲ್ಲ, ಅಡ್ಡಕ್ಕೆ ಸಾಗುತ್ತದೆ. ಪ್ರಸ್ಥಭೂಮಿಯ ಅಂಚಿನಲ್ಲಿ ಈ ಎರಡು ಕಲ್ಲು ಕೂಡುವ ಗೆರೆ ಬಯಲಾದಲ್ಲೆಲ್ಲ ಒರತೆ. ಗುರುನಾನಕ ಝೀರಾದ ಸಿಹಿನೀರು, ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುವ ನರಸಿಂಹ ಝರಣಿ, ಪಾಪನಾಶದ ಕೆರೆ: ಭಕ್ತರಿಗೆ ಒಂದೊಂದಕ್ಕೂ ಒಂದೊಂದು ಮಹಿಮೆ, ಭೂವಿಜ್ಞಾನಿಗೆ ಎಲ್ಲದಕ್ಕೂ ಒಂದೇ ಕಾರಣ.

ಇರಾನಿನ ಕುಶಲಕರ್ಮಿಗಳ ವಿದ್ಯೆ ಕೈಹಿಡಿದದ್ದು ಇಲ್ಲೇ. ಬೀದರದ ನೌಬಾದಿನಲ್ಲಿರುವ ಕಾರೇಜನ್ನು ಊರವರು ಸುರಂಗ ಬಾವಿ ಎನ್ನುತ್ತಾರೆ. ಅದನ್ನು ವಿವರಿಸುವಾಗಲೆಲ್ಲ ಕೇಳುವವರು ಎರಡು ಕಡೆ ಮುಗ್ಗರಿಸುತ್ತಾರೆ. ಒಂದು, ಇದು ಹೊಳೆಯಿಂದ ನೀರು ತರುವ ಕಾಲುವೆ ಎಂದುಕೊಳ್ಳುತ್ತಾರೆ. ಕಾರೇಜ್ ಒಯ್ಯುವುದು ಅಂತರ್ಜಲವನ್ನು. ಎತ್ತರದ ಜಾಗದಲ್ಲಿ ನೀರು ಸಿಗುವವರೆಗೆ ತಾಯಿಬಾವಿ ತೋಡುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ನೆಲದೊಳಗೇ ಸುರಂಗ ಕೊರೆಯುತ್ತಾರೆ. ಎರಡು, ಸಾಲಾಗಿ ಕಾಣುವ ಬಾವಿಗಳೆಲ್ಲ ನೀರು ಸೇದಲೆಂದೇ ತೋಡಿದವು ಎಂಬ ಭ್ರಮೆ. ಅವುಗಳ ಮೊದಲ ಕೆಲಸ ಸುರಂಗ ತೋಡುವಾಗ ಮಣ್ಣು ಮೇಲೆತ್ತುವುದು, ಕೆಳಗಿದ್ದವನಿಗೆ ಗಾಳಿ ಕೊಡುವುದು, ಆಮೇಲೆ ಹೂಳೆತ್ತಲು ಇಳಿಯುವುದು. ಸೇದುವುದು ಅದರ ಮೇಲಿನ ಲಾಭ.

ಎಲ್ಲ ಜಾಣ್ಮೆಯೂ ಇಳಿಜಾರಿನಲ್ಲಿದೆ. ಸುರಂಗದ ಇಳಿಜಾರು ಮೇಲಿನ ನೆಲದ ಇಳಿಜಾರಿಗಿಂತ ಕಡಿಮೆ. ಹೀಗಾಗಿ ಹೋಗುತ್ತ ಹೋಗುತ್ತ ನೆಲವೇ ಸುರಂಗದ ಮಟ್ಟಕ್ಕೆ ಇಳಿದುಬರುತ್ತದೆ, ನೀರು ತಾನಾಗಿ ಹೊರಗೆ ಹರಿಯುತ್ತದೆ. ಎತ್ತು ಬೇಡ, ಕಪಿಲೆ ಬೇಡ, ಪಂಪು ಬೇಡ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ಸುರಂಗವನ್ನೇ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಕತ್ತಲಲ್ಲಿ, ದೀಪದ ಬೆಳಕಿನಲ್ಲಿ ಈ ಅಳತೆ ಹಿಡಿದವರ ಕಣ್ಣು ಎಂಥದ್ದಿರಬೇಕು! ಜಂಬಿಟ್ಟಿಗೆಯೂ ಅವರ ಪಾಲಿಗೆ ಒಳ್ಳೆಯ ಕಲ್ಲು: ಅಗೆಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ನೆಲದೊಳಗಿನ ನೀರು ಬೇಸಿಗೆಯ ಬಿಸಿಲಿಗೆ ಆವಿಯಾಗುವುದೂ ಇಲ್ಲ.

ಬೀದರದ ಈ ತಗ್ಗಿನ ಪಾತಿಯನ್ನೇ ನಕಲು ಮಾಡಿ ಭಾಲ್ಕಿಯ ಅಥವಾ ಔರಾದಿನ ಎರೆ ಭೂಮಿಯಲ್ಲಿ ತೋಟ ಹಾಕಿದರೆ ಸೋಲುತ್ತೀರಿ. ಅಲ್ಲಿ ಮಳೆಗಾಲದಲ್ಲಿ ಮಣ್ಣು ಉಬ್ಬಿ ನೀರನ್ನು ಕೆಳಗೆ ಬಿಡುವುದಿಲ್ಲ, ತಗ್ಗಿನ ಪಾತಿಯಲ್ಲಿ ಬೇರು ಕೊಳೆಯುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ತೂರುವಷ್ಟು ಅಗಲಕ್ಕೆ ಬಿರಿದು ಎಳೆಯ ಬೇರನ್ನು ಹರಿಯುತ್ತದೆ. ಅಲ್ಲಿಗೆ ಏರುಮಡಿ ಬೇಕು, ಮರಳು ಮತ್ತು ತಿಪ್ಪೆಗೊಬ್ಬರ ಬೆರೆಸಬೇಕು, ಬಿರುಕು ಬಿಡದಂತೆ ಸೋಯಾ ಹೊಟ್ಟು ಹಾಸಬೇಕು. ಒಂದೇ ಜಿಲ್ಲೆಯೊಳಗೆ, ಒಂದೆರಡು ತಾಸಿನ ದಾರಿಯಲ್ಲಿ ಪಾತಿಯ ವಿನ್ಯಾಸ ತಲೆಕೆಳಗಾಗುತ್ತದೆ. ಶೈಲಿಯ ಪುಸ್ತಕ ತೆರೆಯುವ ಮೊದಲು ಒಂದು ಮೊಳ ಗುಂಡಿ ತೋಡಿ, ಒಂದು ಕೊಡ ನೀರು ಸುರಿದು, ಅದು ಎಷ್ಟು ಹೊತ್ತಿಗೆ ಇಂಗುತ್ತದೆ ಎಂದು ನೋಡಿ.

ಇನ್ನು ಹೀಗೆ ನೋಡಿದ್ದನ್ನು ಬರೆದಿಡುವ ತೋಟ, ಸಸ್ಯೋದ್ಯಾನ. ಹೂವಿನ ಪ್ರದರ್ಶನ ನಡೆಯುವ ದೊಡ್ಡ ಪಾರ್ಕು ಎಂದೇ ಬಹಳ ಜನರ ತಿಳುವಳಿಕೆ. ಬೆಂಗಳೂರಿನ ಲಾಲ್‌ಬಾಗೇ ಇದಕ್ಕೆ ಕಾರಣವಿರಬೇಕು. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟ ಸರ್ಕಾರಿ ಸಸ್ಯೋದ್ಯಾನವಾದದ್ದು 1856ರಲ್ಲಿ. ಪಾರ್ಕಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸ ಒಂದು ದಾಖಲೆ ಪುಸ್ತಕದ್ದು: ಯಾವ ಗಿಡ, ಎಲ್ಲಿಂದ ಬಂತು, ಯಾವಾಗ ನೆಟ್ಟರು, ಹೇಗೆ ಬೆಳೆಯಿತು. 1545ರಲ್ಲಿ ಇಟಲಿಯ ಪಾಡುವಾದಲ್ಲಿ ಶುರುವಾದ ಉದ್ಯಾನ ವೈದ್ಯ ವಿದ್ಯಾರ್ಥಿಗಳಿಗೆ ಮೂಲಿಕೆ ಗುರುತು ಹಿಡಿಸಲೆಂದು ಹುಟ್ಟಿದ್ದು; ಅದೇ ಜಾಗದಲ್ಲಿ ಇಂದಿಗೂ ಇದೆ.

ಜನರನ್ನು ಸಸ್ಯೋದ್ಯಾನಕ್ಕೆ ಎಳೆಯುವುದು ಬರೀ ಬಣ್ಣವಲ್ಲ. ದಿನಾ ಕಾಣುವ ಮರದ ಕೊರಳಿಗೆ ‘ಮುತ್ತುಗ, ಬ್ಯೂಟಿಯಾ ಮೊನೊಸ್ಪರ್ಮ’ ಎಂಬ ತಗಡು ತೂಗಿದೊಡನೆ ಅದು ಪರಿಚಯದ್ದಾಗುತ್ತದೆ, ಪ್ರಶ್ನೆಗಳು ಹುಟ್ಟುತ್ತವೆ. ಮುತ್ತುಗ ನೀರು ನಿಲ್ಲುವ ಎರೆಯಲ್ಲೂ ಹೇಗೆ ತಾಳುತ್ತದೆ? ಅಂಗಳದ ಚೆಂಡುಹೂವು ಮೆಕ್ಸಿಕೊದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಕಾಗದದ ಹೂವು ದಕ್ಷಿಣ ಅಮೆರಿಕದ್ದು. ಇವನ್ನೆಲ್ಲ ತೆಗೆದುಬಿಟ್ಟರೆ ಅಹ್ಮದ್ ಶಾಹನ ತೋಟದಲ್ಲಿ ಏನಿತ್ತು? ಒಳ್ಳೆಯ ಸಂಶೋಧನಾ ವಿಷಯ, ಯಾರಾದರೂ ಕೈಗೆತ್ತಿಕೊಳ್ಳಬೇಕು.

ಬೀದರದಲ್ಲಿ ತೋಟಗಾರಿಕೆ ಕಾಲೇಜಿದೆ, ಊರಾಚೆ ಅರಣ್ಯ ಇಲಾಖೆಯ ದೇವ ದೇವ ವನವಿದೆ. ಬೇಕಿರುವುದು ಕೆಂಪು ಮಸಾರಿ ಮಣ್ಣಿನ ಗಿಡಗಳನ್ನೂ ಎರೆಯ ಗಿಡಗಳನ್ನೂ ಎದುರುಬದುರು ಬೆಳೆಸಿ, ಹೆಸರು ಬರೆದು, ಲೆಕ್ಕ ಇಡುವ ಒಂದು ಪುಟ್ಟ ಸಸ್ಯೋದ್ಯಾನ. ಔರಾದಿನ ಯಾವುದಾದರೂ ಶಾಲೆಯ ಅಂಗಳದಲ್ಲೂ ಅದನ್ನು ಶುರು ಮಾಡಬಹುದು. ಶಿಕ್ಷಕರೇ, ಈ ಮಳೆಗಾಲದಲ್ಲೇ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು ನಿಮ್ಮೂರಿನ ಗಿಡಗಳ ಪಟ್ಟಿ ಬರೆಸಿ.