ಖಾಲಿ ಜಾಗದ ಲೆಕ್ಕ

ಮುಧೋಳದ ಸುತ್ತಮುತ್ತ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಅರ್ಧ ರಸ್ತೆ ಟ್ರ್ಯಾಕ್ಟರ್‌ಗಳದ್ದೇ. ಸಾಲುಗಟ್ಟಿ ನಿಂತ ಗಾಡಿಗಳನ್ನು ದಾಟಿ ಸಕ್ಕರೆ ಕಾರ್ಖಾನೆಯ ಗೇಟಿನೊಳಗೆ ಬಂದವರ ಕಣ್ಣು ಮೊದಲು ಚಿಮಣಿಯ ಕಡೆ ಹೋಗುತ್ತದೆ, ಆಮೇಲೆ ಮಿಲ್ಲಿನ ಕಡೆ. ನಾನು ನೋಡಲು ಬಂದದ್ದು ಟ್ಯಾಂಕುಗಳ ನೆತ್ತಿಯ ಮೇಲೆ ಕೂತಿರುವ ಸಣ್ಣ ಡಬ್ಬಿಗಳನ್ನು. ಒಳಗೆ ಎಷ್ಟಿದೆ ಎಂದು ಹೇಳುವ ಲೆವೆಲ್ ಮಾಪಕಗಳು ಅವು. ಕಬ್ಬು, ಉಗಿ, ಬೂದಿ, ಕಾಕಂಬಿ, ಎಥೆನಾಲ್ ಹೀಗೆ ಒಂದರ ಗುಣ ಇನ್ನೊಂದಕ್ಕಿಲ್ಲದ ಇಷ್ಟೊಂದು ಸರಕು ಒಂದೇ ಕಾಂಪೌಂಡಿನಲ್ಲಿ ಸಿಗುವುದು ಅಪರೂಪ. ಒಂದಕ್ಕೆ ಒಗ್ಗಿದ ಮಾಪಕ ಪಕ್ಕದ ಟ್ಯಾಂಕಿನಲ್ಲಿ ಸುಳ್ಳು ಹೇಳುತ್ತದೆ.

ಜೊತೆಗೆ ಬಂದವರು ಇನ್‌ಸ್ಟ್ರುಮೆಂಟ್ ವಿಭಾಗದ ಮೇಲ್ವಿಚಾರಕರು. ಹೊರಡುವ ಮುಂಚೆಯೇ ಹೇಳಿದರು: "ಕ್ಯಾಟಲಾಗ್ ಆಮ್ಯಾಲ ನೋಡೂಣ್ರಿ. ಟ್ಯಾಂಕಿನ್ಯಾಗ ಏನೈತಿ, ಅದರ ಮ್ಯಾಲ ಖಾಲಿ ಜಾಗದಾಗ ಏನೈತಿ, ಅದನ್ನ ಮೊದಲ ನೋಡ್ರಿ." ಈ ಖಾಲಿ ಜಾಗದ ಮಾತು ನನಗೆ ಆಮೇಲೆ ಅರ್ಥವಾಯಿತು. ಮೇಲಿನಿಂದ ಶಬ್ದದ ಅಲೆ ಕಳಿಸುವ ಅಲ್ಟ್ರಾಸಾನಿಕ್ ಆಗಲಿ ರೇಡಿಯೊ ಅಲೆ ಕಳಿಸುವ ರೇಡಾರ್ ಆಗಲಿ ದ್ರವವನ್ನು ಅಳೆಯುವುದೇ ಇಲ್ಲ. ಅಳೆಯುವುದು ತನ್ನಿಂದ ದ್ರವದವರೆಗಿನ ಖಾಲಿ ಜಾಗವನ್ನು. ಟ್ಯಾಂಕಿನ ಎತ್ತರದಲ್ಲಿ ಅದನ್ನು ಕಳೆದರೆ ಉಳಿದದ್ದು ಸರಕು.

ಮಿಲ್ಲಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಬ್ಬಿನ ಸಿಪ್ಪೆ ರೋಲರಿಗೆ ಬೀಳುವ ಎತ್ತರದ ಶೂಟ್‌ನ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದಿಷ್ಟು ಎಲೆಕ್ಟ್ರೋಡ್‌ಗಳಿವೆ. ಒದ್ದೆ ಸಿಪ್ಪೆ ಯಾವುದರವರೆಗೆ ತಾಗಿದೆಯೋ ಅಲ್ಲಿಯವರೆಗೆ ವಿದ್ಯುತ್ ಹರಿಯುತ್ತದೆ, ಅದನ್ನು ನೋಡಿಕೊಂಡು ಕ್ಯಾರಿಯರ್ ತನ್ನ ವೇಗ ಏರಿಸಿಕೊಳ್ಳುತ್ತದೆ ಇಲ್ಲವೆ ಇಳಿಸಿಕೊಳ್ಳುತ್ತದೆ. ಮಿಲಿಮೀಟರ್ ಲೆಕ್ಕ ಇಲ್ಲಿ ಯಾರಿಗೂ ಬೇಕಿಲ್ಲ. ಒರಟು ಕೆಲಸಕ್ಕೆ ಒರಟು ಸಾಧನ ಸಾಕು.

ಬಾಯ್ಲರ್ ಮನೆಯಲ್ಲಿ ಪರಿಸ್ಥಿತಿ ಪೂರ್ತಿ ಬೇರೆ. ಮೇಲಿನ ಡ್ರಮ್ಮಿನಲ್ಲಿ ನೀರು ಕಡಿಮೆಯಾದರೆ ಟ್ಯೂಬುಗಳು ಸುಟ್ಟುಹೋಗುತ್ತವೆ, ಹೆಚ್ಚಾದರೆ ನೀರು ಉಗಿಯ ಜೊತೆ ಟರ್ಬೈನ್‌ಗೆ ನುಗ್ಗುತ್ತದೆ. ನಡುವೆ ಇರುವುದು ಒಂದು ಗೇಣಿನಷ್ಟು ಅವಕಾಶ. ಇಲ್ಲಿ ನೀರು ಕಣ್ಣಿಗೇ ಮೋಸ ಮಾಡುತ್ತದೆ. ಟರ್ಬೈನ್ ಒಮ್ಮೆಲೇ ಹೆಚ್ಚು ಉಗಿ ಎಳೆದಾಗ ಡ್ರಮ್ಮಿನ ಒತ್ತಡ ಇಳಿಯುತ್ತದೆ, ನೀರಿನೊಳಗಿನ ಗುಳ್ಳೆಗಳು ಉಬ್ಬುತ್ತವೆ, ಮಟ್ಟ ಏರಿದಂತೆ ಕಾಣುತ್ತದೆ. ನಿಜವಾಗಿ ನೀರು ಖಾಲಿಯಾಗುತ್ತಿರುತ್ತದೆ. ಮಟ್ಟವೊಂದನ್ನೇ ನಂಬಿ ನೀರು ನಿಲ್ಲಿಸಿದರೆ ಕೆಟ್ಟೆವು. ಹಾಗಾಗಿ ಡ್ರಮ್ಮಿನ ಮಟ್ಟ, ಹೊರಹೋಗುವ ಉಗಿ, ಒಳಬರುವ ನೀರು ಮೂರನ್ನೂ ಸೇರಿಸಿ ನಿಯಂತ್ರಿಸುತ್ತಾರೆ. ಮಟ್ಟವನ್ನು ಹೇಳುವುದು ಮೇಲಿನ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸ ನೋಡುವ ಡಿಪಿ ಟ್ರಾನ್ಸ್‌ಮಿಟರ್. ಅದಕ್ಕೂ ತಿದ್ದುಪಡಿ ಬೇಕು. 300 ಡಿಗ್ರಿ ಆಸುಪಾಸಿನ ನೀರು ತಣ್ಣೀರಿನ ಮುಕ್ಕಾಲು ಪಾಲಿನಷ್ಟೂ ತೂಗುವುದಿಲ್ಲ. ಮಟ್ಟವನ್ನು ಕಣ್ಣಿಗೆ ತೋರಿಸುವ ಗೇಜ್ ಗ್ಲಾಸಿನೊಳಗಿನ ನೀರು ಡ್ರಮ್ಮಿನ ನೀರಿಗಿಂತ ತಣ್ಣಗಿರುವುದರಿಂದ ಅದು ಸಹ ಇರುವುದಕ್ಕಿಂತ ಕೊಂಚ ಕಡಿಮೆಯನ್ನೇ ತೋರಿಸುತ್ತದೆ.

ಬಾಯ್ಲರ್ ಹಿಂದೆ ಬೂದಿಯ ಸೈಲೋ. ಅದರ ಕೆಳಗೆ ನಿಂತು ಶಂಕುವಿನಾಕಾರದ ತಳವನ್ನು ಹತ್ತಿರದಿಂದ ನೋಡಿದೆ. ತಗಡಿನ ತುಂಬ ಅಂಗೈಯಗಲದ ತಗ್ಗುಗಳು, ಒಂದರ ಮೇಲೊಂದು. ಬೂದಿ ಇಳಿಯದಿದ್ದಾಗ ಸುತ್ತಿಗೆಯಿಂದ ಬಡಿದ ಗುರುತು. ದ್ರವಕ್ಕೆ ಒಂದೇ ಮಟ್ಟ, ಬೂದಿಗೆ ಹಾಗಿಲ್ಲ. ತುಂಬುವಾಗ ನಡುವೆ ಗುಡ್ಡೆ, ಇಳಿಸುವಾಗ ನಡುವೆ ಕುಳಿ. ಕೆಲವೊಮ್ಮೆ ನಡುವಿನದಷ್ಟೇ ಜಾರಿ ಸುತ್ತಲಿನದು ಗೋಡೆಗೆ ಅಂಟಿ ನಿಲ್ಲುತ್ತದೆ. ಮೇಲಿನಿಂದ ನೋಡುವ ಮಾಪಕ ಕುಳಿಯ ತಳವನ್ನು ನೋಡಿ ಸೈಲೋ ಖಾಲಿ ಎನ್ನುತ್ತದೆ, ಟನ್ನುಗಟ್ಟಲೆ ಬೂದಿ ಗೋಡೆಯಲ್ಲಿರುತ್ತದೆ. ತಗ್ಗುಗಳೆಲ್ಲ ಆ ಜಗಳದ ದಾಖಲೆ.

ಇಲ್ಲಿ ಮೊದಲಿದ್ದದ್ದು ಅಲ್ಟ್ರಾಸಾನಿಕ್. ದೂಳು ತುಂಬಿದ ಗಾಳಿಯಲ್ಲಿ ಶಬ್ದದ ಅಲೆ ಅರ್ಧ ದಾರಿಯಲ್ಲೇ ಸೋಲುತ್ತದೆ. ಈಗ 80 ಗಿಗಾಹರ್ಟ್ಸ್‌ನ ರೇಡಾರ್ ಇದೆ. ಹಳೆಯ 26 ಗಿಗಾಹರ್ಟ್ಸ್‌ನ ಕಿರಣ ಅಷ್ಟೇ ಅಗಲದ ಆಂಟೆನಾದಿಂದ ಸುಮಾರು 10 ಡಿಗ್ರಿ ಹರಡಿಕೊಂಡರೆ ಇದರದು ಮೂರ್ನಾಲ್ಕು ಡಿಗ್ರಿ ಮಾತ್ರ. ಗೋಡೆ, ಏಣಿ, ಅಡ್ಡಪಟ್ಟಿಗಳನ್ನು ತಾಕದೆ ಗುಡ್ಡೆಯ ಇಳಿಜಾರಿಗೇ ಗುರಿಯಿಡಲು ಬರುತ್ತದೆ. ಆಂಟೆನಾ ಮೇಲೆ ದೂಳು ಕೂರದಂತೆ ಒಂದು ಸಣ್ಣ ಪೈಪು ಗಾಳಿ ಊದುತ್ತಿರುತ್ತದೆ. ಇಷ್ಟಾದರೂ ಗೋಡೆಗೆ ಅಂಟಿದ ಬೂದಿಯ ತೂಕ ರೇಡಾರ್‌ಗೆ ಗೊತ್ತಾಗದು. ಟನ್ನಿನ ಲೆಕ್ಕವೇ ಬೇಕೆಂದರೆ ಸೈಲೋವನ್ನೇ ತೂಕ ಹೇಳುವ ಲೋಡ್‌ಸೆಲ್ ಮೇಲೆ ಕೂರಿಸಬೇಕು, ಅದು ಕಟ್ಟುವಾಗಲೇ ಆಗಬೇಕಾದ ಕೆಲಸ. ತುತ್ತತುದಿಗೆ ಒಂದು ಹಳೆಯ ಪ್ಯಾಡಲ್ ಸ್ವಿಚ್ ಇನ್ನೂ ಇದೆ. ಸಣ್ಣ ಮೋಟಾರು ಒಂದು ರೆಕ್ಕೆಯನ್ನು ತಿರುಗಿಸುತ್ತಲೇ ಇರುತ್ತದೆ, ಬೂದಿ ಬಂದು ಹಿಡಿದರೆ ರೆಕ್ಕೆ ನಿಲ್ಲುತ್ತದೆ, ಗಂಟೆ ಬಾರಿಸುತ್ತದೆ. ನಾಚಿಕೆಪಡುವಂಥದ್ದೇನಿಲ್ಲ, ನನಗೆ ಅಲ್ಲಿ ತುಂಬ ಹಿಡಿಸಿದ ಸಾಧನ ಅದೇ.

ವಿಕಿರಣದಿಂದ ಅಳೆಯುವ ಪದ್ಧತಿಯೂ ಇದೆ. ಏನನ್ನೂ ಒಳಗೆ ಇಳಿಬಿಡಲಾಗದಂಥ ಬಿಸಿಯ ಪಾತ್ರೆಗಳಿಗೆ, ಸಿಮೆಂಟ್ ಕಾರ್ಖಾನೆಯ ಪ್ರಿಹೀಟರ್‌ನಂಥ ಕಡೆ, ಸೀಸಿಯಂ-137 ಹೊರಗಿನಿಂದಲೇ ಕೆಲಸ ಮಾಡುತ್ತದೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ಹೊಣೆಗಾರಿಕೆ ದೊಡ್ಡದು. ಸಕ್ಕರೆ ಕಾರ್ಖಾನೆಗೆ ಅದರ ಹಂಗು ಬೇಡ.

ಕಾಕಂಬಿಯ ಟ್ಯಾಂಕಿನ ಹತ್ತಿರ ಚಪ್ಪಲಿ ನೆಲಕ್ಕೆ ಅಂಟುತ್ತದೆ. ಇಲ್ಲಿ ಮಾಪಕ ನೆತ್ತಿಯ ಮೇಲಿಲ್ಲ, ಪಾದದ ಬಳಿ ಇದೆ. ತಳದ ಒತ್ತಡ ನೋಡಿ ಮೇಲೆಷ್ಟಿದೆ ಎಂದು ಹೇಳುವ ಟ್ರಾನ್ಸ್‌ಮಿಟರ್ ಅದು. ಅಂಟು ಸರಕಿನಿಂದ ಕಿರಿದಾದ ಕೊಳವೆ ಕಟ್ಟಿಕೊಳ್ಳಬಾರದೆಂದು ಅದರ ಅಗಲವಾದ ಡಯಾಫ್ರಮ್ ನೇರ ಟ್ಯಾಂಕಿನ ಗೋಡೆಯಲ್ಲೇ ಕೂತಿದೆ. ಮೇಲೆ ನೊರೆ ಬರಲಿ, ಆವಿ ಬರಲಿ ಅದಕ್ಕೆ ಸಂಬಂಧವಿಲ್ಲ. ಆದರೆ ಒತ್ತಡದಿಂದ ಎತ್ತರ ಹೇಳಬೇಕಾದರೆ ಸಾಂದ್ರತೆ ಗೊತ್ತಿರಲೇಬೇಕು. ಕಾಕಂಬಿ ನೀರಿಗಿಂತ ಸುಮಾರು 1.4 ಪಟ್ಟು ಭಾರ. ನೀರಿಗೆ ಹೊಂದಿಸಿಟ್ಟ ಮಾಪಕವನ್ನು ಹಾಗೇ ತಂದು ಕೂರಿಸಿದರೆ 10 ಮೀಟರ್ ಕಾಕಂಬಿಯನ್ನು 14 ಮೀಟರ್ ಎನ್ನುತ್ತದೆ.

ಇದನ್ನು ಕೇಳಿ ನಗಬಾರದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ 170 ಅಡಿಯ ಗೋಪುರವೊಂದು ಬಹುಪಾಲು ತುಂಬಿಹೋಗಿದ್ದರೂ ಮಾಪಕ 10 ಅಡಿಗಿಂತ ಕಡಿಮೆ ತೋರಿಸುತ್ತಿತ್ತು, ಅದೂ ಇಳಿಯುತ್ತಿದೆ ಎಂದು. ಮುಳುಗಿದ ದಿಂಡಿನ ತೇಲಿಕೆಯಿಂದ ಮಟ್ಟ ಹೇಳುವ ಸಾಧನ ಅದು, ಅದಕ್ಕೆ ಕೊಟ್ಟ ಸಾಂದ್ರತೆ ತಪ್ಪಾಗಿತ್ತು. ಉಕ್ಕಿದ ಇಂಧನಕ್ಕೆ ಬೆಂಕಿ ಹತ್ತಿ 15 ಜನ ಸತ್ತರು.

ಎಥೆನಾಲ್ ಟ್ಯಾಂಕುಗಳ ಅಂಗಳಕ್ಕೆ ಕಾಲಿಡುವ ಮುಂಚೆ ಮೊಬೈಲ್ ಗೇಟಿನಲ್ಲೇ ಇಟ್ಟೆವು. ಅಂಕುಡೊಂಕಿನ ಮೆಟ್ಟಿಲೇರಿ ಮೇಲೆ ಹೋದರೆ ಅಂಗೈಯಗಲದ ಮುಚ್ಚಳ, ಪಕ್ಕದಲ್ಲಿ ರೇಡಾರ್. ಅದಕ್ಕೆ ಹೋಗುವ ವಿದ್ಯುತ್ತು ಕಿಡಿ ಹುಟ್ಟಿಸಲಾರದಷ್ಟು ಸಣ್ಣದು. ಇಲ್ಲಿ ಅಲ್ಟ್ರಾಸಾನಿಕ್ ಏಕೆ ಬೇಡ ಎಂಬುದನ್ನು ಮೇಲ್ವಿಚಾರಕರು ಬೆರಳೆಣಿಸಿ ಹೇಳಿದರು. 20 ಡಿಗ್ರಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಆ ವ್ಯತ್ಯಾಸವನ್ನು ತಿದ್ದಿಕೊಳ್ಳಲು ಮಾಪಕದೊಳಗೇ ಥರ್ಮಾಮೀಟರ್ ಇರುತ್ತದೆ. ಆವಿಯನ್ನು ತಿದ್ದಿಕೊಳ್ಳಲು ಏನೂ ಇಲ್ಲ. ಎಥೆನಾಲ್ ಆವಿ ಗಾಳಿಗಿಂತ ಭಾರ, ಬೆರೆತಷ್ಟೂ ಶಬ್ದ ನಿಧಾನವಾಗುತ್ತದೆ. ಪ್ರತಿಧ್ವನಿ ತಡವಾಗಿ ಬಂದರೆ ಮಾಪಕ ದ್ರವ ದೂರದಲ್ಲಿದೆ ಎಂದುಕೊಳ್ಳುತ್ತದೆ. ಟ್ಯಾಂಕು ತುಂಬುತ್ತ ಬಂದರೂ ಇನ್ನೂ ಜಾಗವಿದೆ ಎನ್ನುತ್ತದೆ. ತಪ್ಪು ಎಂದರೂ ಅಪಾಯದ ಕಡೆಗಿನ ತಪ್ಪು. ರೇಡಾರ್ ಅಲೆಗೆ ಆವಿಯೂ ಬಿಸಿಯೂ ಲೆಕ್ಕಕ್ಕಿಲ್ಲದಷ್ಟು ಸಣ್ಣ ಅಡ್ಡಿ.

ಸರಿ, ಒಂದು ಮಿಲಿಮೀಟರ್ ನಿಖರತೆಯ ದುಬಾರಿ ರೇಡಾರ್ ತಂದರೆ ಲೆಕ್ಕ ಸರಿಹೋಯಿತೆ? 15 ಮೀಟರ್ ವ್ಯಾಸದ ಟ್ಯಾಂಕಿನಲ್ಲಿ ಒಂದು ಮಿಲಿಮೀಟರ್ ಎಂದರೆ 177 ಲೀಟರ್. ಅದೇ ಟ್ಯಾಂಕಿನಲ್ಲಿ 10 ಲಕ್ಷ ಲೀಟರ್ ಎಥೆನಾಲ್ ಇದ್ದು ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 1,100 ಲೀಟರ್ ಹಿಗ್ಗುತ್ತದೆ, ಅಂದರೆ ಆರು ಮಿಲಿಮೀಟರ್‌ನಷ್ಟು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಲೆಕ್ಕ ಹೊಂದದಿದ್ದರೆ ಕಳ್ಳನನ್ನು ಹುಡುಕುವ ಮುಂಚೆ ಉಷ್ಣತೆ ನೋಡಬೇಕು. ಒಳ್ಳೆಯ ತಾಪಮಾಪಕವಿಲ್ಲದ ಟ್ಯಾಂಕಿಗೆ ಮಿಲಿಮೀಟರ್ ರೇಡಾರ್ ಕೊಡಿಸುವುದು ದುಡ್ಡು ನೀರಿಗೆ ಸುರಿದಂತೆ. ಆ ಮುಚ್ಚಳದಿಂದ ಈಗಲೂ ಹಿತ್ತಾಳೆಯ ಗುಂಡು ಕಟ್ಟಿದ ಡಿಪ್ ಟೇಪ್ ಇಳಿಸಿ ರೇಡಾರ್ ಹೇಳಿದ್ದನ್ನು ತಾಳೆ ನೋಡುತ್ತಾರೆ. ಹಿತ್ತಾಳೆ ಏಕೆಂದರೆ ತಗುಲಿದರೆ ಕಿಡಿ ಹಾರದು.

ರೇಡಾರ್‌ನಿಂದ ಒಂದು ಮಾರು ದೂರದಲ್ಲಿ ಇನ್ನೊಂದು ಸಾಧನ. ಕಂಪಿಸುವ ಫೋರ್ಕ್, ಟ್ಯಾಂಕು ತುಂಬುವ ಮುನ್ನವೇ ಪಂಪ್ ನಿಲ್ಲಿಸಲಿಕ್ಕೆ ಮಾತ್ರ ಇರುವುದು. ತಂತಿಯೂ ಬೇರೆ, ಕೆಲಸ ಮಾಡುವ ತತ್ವವೂ ಬೇರೆ. 2005ರ ಡಿಸೆಂಬರ್ 11ರ ಬೆಳಗಿನ ಜಾವ ಇಂಗ್ಲೆಂಡಿನ ಬನ್ಸ್‌ಫೀಲ್ಡ್ ತೈಲ ಡಿಪೋದ 912ನೇ ಟ್ಯಾಂಕಿನ ಮಾಪಕ ಒಂದೇ ಅಂಕೆಯಲ್ಲಿ ಸಿಕ್ಕಿಕೊಂಡಿತು, ಪೆಟ್ರೋಲ್ ಬರುತ್ತಲೇ ಇತ್ತು. ಅಲ್ಲಿಯೂ ಪ್ರತ್ಯೇಕ ಸ್ವಿಚ್ ಇತ್ತು. ಅದರ ಪರೀಕ್ಷೆಯ ಸನ್ನೆಯನ್ನು ಸರಿಯಾದ ಜಾಗದಲ್ಲಿ ಹಿಡಿದಿಡಬೇಕಾದ ಬೀಗವನ್ನು ಹಾಕಿರಲಿಲ್ಲ, ಸ್ವಿಚ್ ಕೆಲಸ ಮಾಡಲಿಲ್ಲ. ಟ್ಯಾಂಕು ಉಕ್ಕಿ ಆದ ಸ್ಫೋಟದಲ್ಲಿ 40ಕ್ಕೂ ಹೆಚ್ಚು ಜನ ಗಾಯಗೊಂಡರು. ಭಾನುವಾರ ನಸುಕಾದ್ದರಿಂದ ಯಾರೂ ಸಾಯಲಿಲ್ಲ.

ಡಿಸ್ಟಿಲರಿಯ ತ್ಯಾಜ್ಯನೀರಾದ ಸ್ಪೆಂಟ್‌ವಾಶ್‌ನ ಹೊಂಡದ ಕಡೆ ವಾಸನೆ ತಡೆಯಲಾಗದೆ ಬೇಗ ತಿರುಗಿದೆ. ಪಕ್ಕದ ತೆರೆದ ನೀರಿನ ತೊಟ್ಟಿಯ ಮೇಲೆ ಒಂದು ಅಗ್ಗದ ಅಲ್ಟ್ರಾಸಾನಿಕ್ ತಣ್ಣಗೆ ತನ್ನ ಪಾಡಿಗೆ ಸರಿಯಾಗಿ ನಡೆಯುತ್ತಿತ್ತು. ಅಲ್ಲಿ ಆವಿಯಿಲ್ಲ, ದೂಳಿಲ್ಲ, ನೊರೆಯಿಲ್ಲ.

ಕಂಟ್ರೋಲ್ ರೂಮಿನಲ್ಲಿ ಇವೆಲ್ಲ ಪರದೆಯ ಮೇಲಿನ ಪಟ್ಟಿಗಳು. ಪ್ರತಿ ಮಾಪಕದಿಂದ ಬರುವುದು 4ರಿಂದ 20 ಮಿಲಿಆಂಪ್ ವಿದ್ಯುತ್ತು. ಖಾಲಿ ಟ್ಯಾಂಕೂ 4 ಮಿಲಿಆಂಪ್ ಕಳಿಸುತ್ತದೆ. ಸೊನ್ನೆ ಬಂತೆಂದರೆ ತಂತಿ ತುಂಡಾಗಿದೆ ಎಂದೇ ಅರ್ಥ.

ಹಾಲಿನ ಡೇರಿಯೋ ಎಣ್ಣೆ ಮಿಲ್ಲೋ ಅಪಾರ್ಟ್‌ಮೆಂಟಿನ ಸಂಪೋ, ಟ್ಯಾಂಕು ಇಟ್ಟುಕೊಂಡವರು ಮಾಪಕ ಮಾರಲು ಬಂದವರನ್ನು ಬೆಲೆಗಿಂತ ಮೊದಲು ನೊರೆ, ಆವಿ, ದೂಳಿನ ಬಗ್ಗೆ ಕೇಳಿ. ಆ ಅಂಕೆ ಬಿಲ್ಲಿಗೆ ಬೇಕೋ, ಪಂಪ್ ನಿಲ್ಲಿಸಲು ಬೇಕೋ ಎಂದು ನೀವೇ ಮೊದಲು ತೀರ್ಮಾನಿಸಿಕೊಳ್ಳಿ. ಉಕ್ಕಿದರೆ ಅಪಾಯವಾಗುವ ಟ್ಯಾಂಕಾದರೆ ಬೇರೆ ತತ್ವದ ಎರಡನೆಯ ಸ್ವಿಚ್ ಹಾಕಿಸಿ. ಹಾಕಿಸಿದ್ದರೆ, ಅದು ನಿಜವಾಗಿಯೂ ಪಂಪ್ ನಿಲ್ಲಿಸುತ್ತದೆಯೇ ಎಂದು ಪ್ರತಿ ಹಂಗಾಮಿಗೆ ಮುನ್ನ ಒಮ್ಮೆ ನಿಲ್ಲಿಸಿಯೇ ನೋಡಿ.