ಸೊಂಟದ ಆಪರೇಷನ್ ಆದ ಹಿರಿಯರಿಗೆ ಬರೀ ಗಂಜಿ ಸಾಲದು

ದನದ ಡಾಕ್ಟರಿಗೆ ಮನುಷ್ಯರ ವಿಚಾರವೇಕೆ ಎಂದು ನೀವು ಕೇಳಬಹುದು. ಹಸು ನೋಡಲು ಮನೆಗಳಿಗೆ ಹೋದಾಗ, ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಅಜ್ಜಿ, ತಾತಂದಿರನ್ನೂ ನೋಡುತ್ತಿರುತ್ತೇನೆ. ಗಂಜಲದಿಂದ ಜಾರುವ ನೆಲ, ಹಗ್ಗ ಎಳೆಯುವ ಹಸು, ವಯಸ್ಸಿಗೆ ಸವೆದ ಮೂಳೆ, ಇಷ್ಟು ಸಾಕು. ತೊಡೆಮೂಳೆಯ ಕತ್ತಿನ ಭಾಗ ಮುರಿದರೆ ವಯಸ್ಸಾದವರಲ್ಲಿ ಅದು ಕೂಡುವುದು ಕಷ್ಟ. ಹಾಗಾಗಿ ಹಲವರಿಗೆ ಮುರಿದ ಭಾಗ ತೆಗೆದು ಕೃತಕ ಕೀಲು ಕೂರಿಸುತ್ತಾರೆ. ಆಪರೇಷನ್ನಿಗೆ ಸಾಲ ಮಾಡಿಯಾದರೂ ಹಣ ಹೊಂದಿಸುತ್ತಾರೆ. ಎಡವಟ್ಟಾಗುವುದು ಮನೆಗೆ ಬಂದ ಮೇಲೆ, ಊಟದಲ್ಲಿ.

'ನಂಜಾಗುತ್ತದೆ, ಗಾಯ ಕೀವಾಗುತ್ತದೆ' ಎಂದು ಬೇಳೆ, ಮೊಟ್ಟೆ, ಮೊಸರು ನಿಲ್ಲಿಸಿ ಗಂಜಿ, ಬ್ರೆಡ್ಡು ಕೊಡುತ್ತಾರೆ. ಕೀವಾಗುವುದು ರೋಗಾಣುವಿನಿಂದ, ಬೇಳೆಯಿಂದಲ್ಲ. ಗಾಯ ಮಾಯಲು, ರೋಗಾಣು ಎದುರಿಸಲು, ಕಾಲಿಗೆ ಬಲ ಬರಲು ಪ್ರೋಟೀನ್ ಬೇಕು. ಊಟದಲ್ಲಿ ಸಿಗದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಕರು ಹಾಕಿದ ಹಸುವಿಗೆ ಬರೀ ಒಣಹುಲ್ಲು ಹಾಕಿ ಹಾಲು ಕರೆದರೆ ಬೆನ್ನುಮೂಳೆ ಎದ್ದು ಕಾಣುವುದನ್ನು ನೀವೇ ನೋಡಿದ್ದೀರಿ. ಮಲಗಿದಲ್ಲೇ ಇರುವುದೂ ಅಷ್ಟೇ ಕೆಟ್ಟದ್ದು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿರಿಸಿ ಅಳೆದಾಗ, ಕಾಲುಗಳಲ್ಲೇ ಸುಮಾರು 1 ಕೆ.ಜಿ. ಮಾಂಸ ಕರಗಿತ್ತು. ವೈದ್ಯರು ಬೇಗ ಎಬ್ಬಿಸಿ ನಡೆಸುವುದು ಅದಕ್ಕೇ. ಹೊಟ್ಟೆಗಿಲ್ಲದೆ ನಡೆಸಿದರೆ ಪ್ರಯೋಜನವಿಲ್ಲ.

ಚೇತರಿಸಿಕೊಳ್ಳುವ ಹಿರಿಯರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ. ತೂಗುವ ಅಜ್ಜಿಗೆ 60ರಿಂದ 75 ಗ್ರಾಂ. ಒಂದು ಹಿಡಿ ಅಕ್ಕಿಯ ಗಂಜಿಯಲ್ಲಿರುವುದು 3–4 ಗ್ರಾಂ! ಅದೇ ಅರ್ಧ ಲೀಟರ್ ಹಾಲು-ಮೊಸರಿನಲ್ಲಿ ಸುಮಾರು 16, ಎರಡು ಮೊಟ್ಟೆಯಲ್ಲಿ 12, 50 ಗ್ರಾಂ ಬೇಳೆಯಲ್ಲಿ 11, ಒಂದು ಹಿಡಿ ಕಡಲೆಬೀಜದಲ್ಲಿ 7 ಗ್ರಾಂ. ಉಳಿದದ್ದು ಮುದ್ದೆ, ಅನ್ನದಿಂದ ಬರುತ್ತದೆ. ಹಲ್ಲಿಲ್ಲದವರಿಗೆ ಕಡಲೆಬೀಜ ಹುರಿದು ಪುಡಿ ಮಾಡಿ ಕೊಡಿ. ಒಂದೇ ಸಲ ತಟ್ಟೆ ತುಂಬ ಬಡಿಸಿದರೆ ಅವರಿಗೆ ಸೇರುವುದಿಲ್ಲ. ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ ಕೊಡಿ.

ಆ ಅರ್ಧ ಲೀಟರ್ ಹಾಲಿನಲ್ಲಿ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಸುಮಾರು 600 ಮಿ.ಗ್ರಾಂ ಇರುತ್ತದೆ. ಆದರೆ ದಿನಕ್ಕೆ ಹತ್ತು ಲೀಟರ್ ಡೇರಿಗೆ ಹಾಕುವ ಮನೆಯಲ್ಲೂ ಅಜ್ಜಿಗೆ ಸಿಗುವುದು ಕಾಫಿಗೆ ಬೆರೆಸಿದ ಹಾಲಷ್ಟೇ. ಮೂರು ತಿಂಗಳು ಅರ್ಧ ಲೀಟರ್ ಮನೆಯಲ್ಲೇ ಉಳಿಯಲಿ, ಬಟವಾಡೆ ಅಷ್ಟು ಕಡಿಮೆಯಾದರೂ ಚಿಂತೆಯಿಲ್ಲ. ಒಕ್ಕೂಟದಲ್ಲಿದ್ದುಕೊಂಡು ಹೀಗೆ ಹೇಳುತ್ತಾನಲ್ಲ ಎನ್ನಬೇಡಿ! ಹಸಿ ಹಾಲು ಮಾತ್ರ ಬೇಡ. ಕಂದುರೋಗದಂತಹವು ಅದರಿಂದ ಹರಡುತ್ತವೆ, ಚೆನ್ನಾಗಿ ಕಾಯಿಸಿ.

ಪದೇ ಪದೇ ಬಚ್ಚಲಿಗೆ ಹೋಗಬೇಕಲ್ಲ ಎಂದು ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಕೆಲವು ನೋವಿನ ಮಾತ್ರೆಗಳಿಂದ ಮೊದಲೇ ಮಲಬದ್ಧತೆ ಇರುತ್ತದೆ. ಮಜ್ಜಿಗೆ, ಸೊಪ್ಪು, ಹಣ್ಣು ಕೊಡಿ, ನೀರು ಕುಡಿಯಲು ನೆನಪಿಸುತ್ತಿರಿ.

ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರ ವೈದ್ಯರು ಹೇಳಿದಷ್ಟೇ ಕೊಡಬೇಕು. ಸಕ್ಕರೆ ಕಾಯಿಲೆಯವರ ಹಾಲಿಗೆ ಸಕ್ಕರೆ, ಬೆಲ್ಲ ಹಾಕಬೇಡಿ. ರಕ್ತಹೀನತೆಗೆ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಹಾಲಿನ ಜೊತೆ ನುಂಗಿಸಬೇಡಿ. ಎರಡರ ನಡುವೆ 2 ಗಂಟೆ ಬಿಡುವಿರಲಿ.